ದರ್ಜಿಯ ಮೂರನೆಯ ಮಗ

ಇಪ್ಪತ್ತೆರಡು ವರ್ಷ ಇಡೀ ಬಡಾವಣೆಯ ಮಾನ ಮುಚ್ಚಿದ ದರ್ಜಿಯ ಪ್ಯಾಂಟು, ಮಕ್ಕಳ ಭತ್ಯೆ ಕಚೇರಿಯ ಮೂರನೆಯ ಕಿಟಕಿಯ ಮುಂದೆ, ಸಾಲಿನಲ್ಲಿ ನಿಂತಿದ್ದ ಐವತ್ತು ಮಂದಿಯ ಸಮಕ್ಷಮದಲ್ಲಿ, ಹಿಂದಿನಿಂದ ಹರಿಯಿತು.

ತಪ್ಪು ಪ್ಯಾಂಟಿನದಲ್ಲ, ಕಿಟಕಿಯದು. ಆ ಕಚೇರಿಯ ಕಿಟಕಿಗಳಿಗೆ ಮೇಲಿನಿಂದ ಕೆಳಗಿನವರೆಗೆ ದಪ್ಪ ಗಾಜು. ಮಾತು ಒಳಹೋಗಲು ಒಂದು ತೂತು ಬಿಟ್ಟಿದ್ದಾರೆ; ಅದು ಸರಿಯಾಗಿ ಹೊಕ್ಕುಳಿನ ಮಟ್ಟಕ್ಕಿದೆ. ಸರ್ಕಾರದೊಡನೆ ಮಾತನಾಡಬೇಕಾದವನು ಮೊದಲು ನಡು ಬಗ್ಗಿಸಬೇಕು. ದರ್ಜಿ ಬಗ್ಗಿದ. ‘ಚರ್ರ್’ ಎಂದಿತು. ಬೇರೆಯವರಾಗಿದ್ದರೆ ಏನಾಯಿತೆಂದು ಕೈಯಿಂದ ತಡವಿ ನೋಡುತ್ತಿದ್ದರು. ಇವನಿಗೆ ಸದ್ದೇ ಸಾಕಾಯಿತು: ಹಿಂಬದಿಯ ನಡುಹೊಲಿಗೆ, ನಾಲ್ಕೂವರೆ ಇಂಚು.

“ಅಯ್ಯೋ ಪಾಪ,” ಅಂದರು ಹಿಂದಿದ್ದ ಅಜ್ಜಿ. “ಯಾವ ದರ್ಜಿ ಹೊಲಿದಿದ್ದಪ್ಪಾ ಇದನ್ನ?”

“ರೆಡಿಮೇಡ್ ಕಣಮ್ಮಾ,” ಅಂದ ದರ್ಜಿ. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ತನ್ನ ಕೈಕೆಲಸವನ್ನು ಇನ್ನೊಬ್ಬರ ತಲೆಗೆ ಕಟ್ಟಿದ.

ಆಮೇಲಿನದು ಇನ್ನೂ ಕಷ್ಟ. ಕೈಯಲ್ಲಿದ್ದ ಸರ್ಕಾರಿ ಪತ್ರವನ್ನು ಅವನು ತಕ್ಷಣ ಹಿಂದಕ್ಕೆ ಹಿಡಿದುಕೊಂಡು ಮಾನ ಕಾಪಾಡಿಕೊಂಡಿದ್ದ. ಒಳಗಿನ ಗುಮಾಸ್ತ ತೂತಿನಿಂದ ಕೈ ಚಾಚಿ, “ಎಲ್ಲಿ, ಪತ್ರ ಕೊಡಿ,” ಅಂದ.

“ಈಗ ಕೊಡೋ ಹಾಗಿಲ್ಲ ಸಾರ್.”

“ಮತ್ತೆ ಯಾಕೆ ಬಂದ್ರಿ?”

“ಪತ್ರದ ವಿಷಯ ಮಾತಾಡೋಕೆ.”

“ಪತ್ರ ಎಲ್ಲಿದೆ?”

“ಕೆಲಸದಲ್ಲಿದೆ ಸಾರ್.”

ಆ ದಿನ ಮಾತುಕತೆ ಅಲ್ಲಿಗೇ ಮುಗಿಯಿತು. ದರ್ಜಿ ಗೋಡೆಗೆ ಬೆನ್ನು ಒರಸಿಕೊಂಡೇ ಏಡಿಯಂತೆ ಅಡ್ಡಡ್ಡ ನಡೆದು ಹೊರಗೆ ಬಂದ.

ಪತ್ರದ ಸಂಗತಿ ಹೀಗಿತ್ತು: ‘ತಮ್ಮ ಮೂರನೆಯ ಮಗುವಿಗೆ ಹದಿನಾಲ್ಕು ತಿಂಗಳಿನಿಂದ ಭತ್ಯೆ ಪಾವತಿಯಾಗಿರುತ್ತದೆ. ಸದರಿ ಮಗುವನ್ನು ತಾವು ಲಸಿಕೆಗೂ ಕರೆತಂದಿರುವುದಿಲ್ಲ, ಶಾಲೆಗೂ ಸೇರಿಸಿರುವುದಿಲ್ಲ. ಆದಕಾರಣ ಹೆಚ್ಚುವರಿಯಾಗಿ ಪಡೆದ ಮೊತ್ತವನ್ನು ಬಡ್ಡಿ ಮತ್ತು ದಂಡ ಸಹಿತ ಮೂವತ್ತು ದಿನಗಳೊಳಗೆ ಹಿಂದಿರುಗಿಸತಕ್ಕದ್ದು. ತಪ್ಪಿದಲ್ಲಿ ತಮ್ಮ ದುಡಿಮೆಯ ಸಲಕರಣೆಗಳನ್ನು ಜಪ್ತಿ ಮಾಡಲಾಗುವುದು.’

ದುಡಿಮೆಯ ಸಲಕರಣೆ ಅಂದರೆ ಇದ್ದದ್ದು ಒಂದೇ: ಮೋಟಾರು ಹಾಕಿದ ಹೊಲಿಗೆ ಮಷಿನ್. ಎರಡು ವರ್ಷ ಕಂತು ಕಟ್ಟಿ, ಹೋದ ತಿಂಗಳಷ್ಟೇ ಅದು ಪೂರ್ತಿ ಅವನದಾಗಿತ್ತು. ಶಾಲೆಗಳು ಶುರುವಾಗಲು ಐದೇ ವಾರ. ಇನ್ನೂರ ಹತ್ತು ಯೂನಿಫಾರ್ಮಿನ ಬಟ್ಟೆ ಕತ್ತರಿಸಿ ಬಿದ್ದಿತ್ತು. ಮಷಿನ್ ಹೋದರೆ ಆ ಬಟ್ಟೆಯೂ, ಆ ಗಿರಾಕಿಗಳೂ, ಆ ವರ್ಷವೂ ಹೋದಂತೆಯೇ. ಇನ್ನು ಪತ್ರ ಕೇಳಿದ ಮೊತ್ತವೋ, ಅಂಗಡಿಯ ಹನ್ನೊಂದು ತಿಂಗಳ ಬಾಡಿಗೆಗೆ ಸಮ.

ಇಷ್ಟಕ್ಕೂ ದರ್ಜಿಗೆ ಇದ್ದದ್ದು ಇಬ್ಬರೇ ಮಕ್ಕಳು. ಹನ್ನೊಂದರ ಮಗಳು, ಎಂಟರ ಮಗ.

ಮೂರನೆಯದು ಎಲ್ಲಿಂದ ಬಂತು ಅನ್ನುವುದಕ್ಕೆ ದರ್ಜಿಯ ಕೆಲಸದ ರೀತಿ ಗೊತ್ತಿರಬೇಕು.

ಅಂಗಡಿ ಅಂದರೆ ರಸ್ತೆ ಬದಿಯ ಹತ್ತಡಿ ಅಗಲದ ಒಂದು ಕೋಣೆ. ನಡುವೆ ಒಂದು ಪರದೆ. ಪರದೆಯ ಹಿಂದೆ ಸಂಸಾರ. ಮಷಿನ್ನಿನ ಬಲಕ್ಕೆ ಇಸ್ತ್ರಿ ಮೇಜು, ಎಡಕ್ಕೆ ಅವನ ಹೆಂಡತಿ ಕೂತು ಗುಂಡಿಯ ಕಾಜ ಹೊಲಿಯುವ ಮೋಟು ಸ್ಟೂಲು. ದರ್ಜಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ನಡು ನೆನಪಿರುತ್ತದೆ. “ಬೆಳಿಗ್ಗೆ ಮೂವತ್ತೆಂಟು ಬಂದಿದ್ರು. ಮೂವತ್ತಾರು ಅಂತ ಹೇಳ್ಕೊಂಡ್ರು, ನಾನೂ ಪಾಪ ಅಂತ ಒಪ್ಪಿಕೊಂಡೆ,” ಅನ್ನುವ ಜಾತಿಯವನು. ರಸ್ತೆಯಲ್ಲಿ ಯಾರ ಹೆಗಲ ಮೇಲಾದರೂ ದಾರದ ತುಂಡು ಕಂಡರೆ ಅವರು ಗೊತ್ತಿರಲಿ ಬಿಡಲಿ ತೆಗೆದುಹಾಕಿಯೇ ಮುಂದೆ ಹೋಗುತ್ತಾನೆ. ಇದರಿಂದ ಎರಡು ಸಲ ಬೈಸಿಕೊಂಡಿದ್ದಾನೆ, ಒಂದು ಸಲ ಪೆಟ್ಟೂ ತಿಂದಿದ್ದಾನೆ.

ಕೆಲಸದ ಹೊತ್ತಿನಲ್ಲಿ ಅವನ ತುಟಿಗಳ ನಡುವೆ ಯಾವಾಗಲೂ ಹತ್ತು ಹನ್ನೊಂದು ಗುಂಡುಸೂಜಿ. ಕೈಗೆ ಬೇಕಾದಾಗ ಬಾಯಿಂದ ಒಂದೊಂದೇ ಕೀಳುತ್ತಾನೆ. ಆ ಸ್ಥಿತಿಯಲ್ಲಿ ಬಾಯಿ ಬಿಡುವ ಹಾಗಿಲ್ಲ. ‘ಹ್ಞೂಂ’ ಅನ್ನಬಹುದು, ಅದು ಗಂಟಲಿನ ಕೆಲಸ. ‘ಊಹೂಂ’ ಅನ್ನಬೇಕಾದರೆ ತಲೆ ಅಲ್ಲಾಡುತ್ತದೆ, ತಲೆ ಅಲ್ಲಾಡಿದರೆ ತುಟಿಗೆ ಸೂಜಿ ಚುಚ್ಚುತ್ತದೆ. ಹಾಗಾಗಿ ಸೂಜಿ ಬಾಯಲ್ಲಿರುವಷ್ಟು ಹೊತ್ತು ದರ್ಜಿ ಯಾರಿಗೂ ಇಲ್ಲ ಅಂದವನಲ್ಲ. ಇದು ಬಡಾವಣೆಗೆಲ್ಲ ಗೊತ್ತು. “ನಾಳೆ ಕೊಡ್ತೀರಾ ಟೈಲರಣ್ಣ?” ಹ್ಞೂಂ. “ಮಜೂರಿ ಸ್ವಲ್ಪ ಬಿಟ್ಕೊಡ್ತೀರಾ?” ಹ್ಞೂಂ. ಚಾಲಾಕಿ ಗಿರಾಕಿಗಳು ಬಾಗಿಲಲ್ಲಿ ಇಣುಕಿ, ಬಾಯಲ್ಲಿ ಸೂಜಿ ಇದೆಯೋ ಇಲ್ಲವೋ ನೋಡಿಕೊಂಡೇ ಒಳಗೆ ಬರುತ್ತಾರೆ.

ಪರದೆಯ ಪಕ್ಕದಲ್ಲಿ ಒಂದು ಬೊಂಬೆ ನಿಂತಿರುತ್ತದೆ. ಹತ್ತಿ ತುಂಬಿ ಗೋಣಿಬಟ್ಟೆ ಹೊಲಿದು ದರ್ಜಿಯೇ ಮಾಡಿದ್ದು. ಐದು ವರ್ಷದ ಹುಡುಗನ ಅಳತೆ. ಮರದ ಎರಡು ಕಾಲು. ಕುತ್ತಿಗೆಯ ಮೇಲೆ ತಲೆಯ ಬದಲು ಒಂದು ಮರದ ಗುಬಟು. ರುಂಡವಿಲ್ಲದ ಈ ಮುಂಡವನ್ನು ಮಕ್ಕಳು ಮೊಂಡ ಅಂತ ಕರೆಯುತ್ತಾರೆ. ಎಷ್ಟು ಕರೆದರೂ ಬರುವುದಿಲ್ಲವಾದ್ದರಿಂದ ಹೆಸರು ಒಪ್ಪುತ್ತದೆ.

ಹಿಂದಿನ ವರ್ಷ ಭತ್ಯೆ ಕಚೇರಿಯಿಂದ ಮನೆ ಗಣತಿಯವನು ಬಂದಾಗ ಮೊಂಡ ಹೊಸ ಯೂನಿಫಾರ್ಮು ತೊಟ್ಟು, ಗುಬಟಿಗೆ ಶಾಲೆಯ ಟೋಪಿ ಹಾಕಿಕೊಂಡು, ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದ. ದರ್ಜಿ ಪ್ಯಾಂಟಿನ ಅಂಚು ಮಡಚುತ್ತಿದ್ದ, ಬಾಯಲ್ಲಿ ಸೂಜಿ. ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು. ಗಣತಿಯವನಿಗೆ ಇಸ್ತ್ರಿ ಮೇಜಿನ ಪಕ್ಕದಲ್ಲೇ ಕುರ್ಚಿ ಸಿಕ್ಕಿದ್ದರಿಂದ ಹಬೆ ನೇರವಾಗಿ ಅವನ ಕನ್ನಡಕಕ್ಕೆ ಹೋಯಿತು. ಒರಸಿದ, ಮಂಜಾಯಿತು, ಒರಸಿದ, ಮಂಜಾಯಿತು. ಆ ಮಂಜಿನಲ್ಲೇ ಓಡಾಡುತ್ತಿದ್ದ ಮಕ್ಕಳಿಬ್ಬರನ್ನೂ ಬರೆದುಕೊಂಡು, ಮೂಲೆಯ ಕಡೆ ಪೆನ್ನು ತೋರಿಸಿ, “ಅದೂ ನಿಮ್ಮದೇನಾ?” ಅಂತ ಕೇಳಿದ.

ಬೊಂಬೆ ದರ್ಜಿಯದೇ. “ಹ್ಞೂಂ,” ಅಂದ.

“ಹೆಸರು?”

“ಮೊಂಡ!” ಅಂತ ಪರದೆಯ ಹಿಂದಿನಿಂದ ಮಗ ಕೂಗಿದ.

ಇಷ್ಟೇ. ಒಂಬತ್ತು ತಿಂಗಳಿಲ್ಲ, ನೋವಿಲ್ಲ, ದಾದಿಯಿಲ್ಲ. ದರ್ಜಿಗೆ ಮೂರನೆಯ ಮಗ ಹುಟ್ಟಿದ.

ಹರಿದ ಪ್ಯಾಂಟು ಹೊಲಿದುಕೊಂಡು, ಮೇಲೆ ಎರಡನೆಯ ಹೊಲಿಗೆಯನ್ನೂ ಹಾಕಿಕೊಂಡು, ಮಾರನೆಯ ದಿನ ದರ್ಜಿ ಮತ್ತೆ ಮೂರನೆಯ ಕಿಟಕಿಯಲ್ಲಿ ಬಗ್ಗಿದ.

“ಸಾರ್, ನನಗೆ ಮೂರನೇ ಮಗು ಇಲ್ಲ.”

ಕಿಟಕಿಯವನ ದನಿ ಮೆತ್ತಗಾಯಿತು. “ಅಯ್ಯೋ. ಯಾವಾಗ ತೀರಿಕೊಂಡಿತು?”

“ತೀರಿಕೊಂಡಿಲ್ಲ ಸಾರ್. ಹುಟ್ಟೇ ಇಲ್ಲ.”

ದನಿ ಮತ್ತೆ ಗಟ್ಟಿಯಾಯಿತು. “ಹುಟ್ಟದೇ ಇರೋ ಮಗೂಗೆ ಹದಿನಾಲ್ಕು ತಿಂಗಳು ಭತ್ಯೆ ತಗೊಂಡ್ರಾ?”

“ಅದು ಬೊಂಬೆ ಸಾರ್.”

“ಬೊಂಬೆ ಹಾಗಿದೆ ಅಂತ ಎಲ್ಲಾ ಅಪ್ಪಂದಿರೂ ಹೇಳ್ತಾರೆ ಕಣ್ರೀ. ಶಾಲೆಗೆ ಯಾಕೆ ಸೇರಿಸಲಿಲ್ಲ, ಅದು ಹೇಳಿ.”

“ಬಟ್ಟೆ ತೊಡಿಸಿ ನೋಡೋ ಬೊಂಬೆ ಸಾರ್! ಹತ್ತಿ ತುಂಬಿರೋದು. ತಲೆ ಸಹ ಇಲ್ಲ.”

“ತಲೆ ಇಲ್ಲ ಅಂತ ಶಾಲೆ ಬಿಡಿಸ್ತಾರಾ? ಅಂಥ ಮಕ್ಕಳಿಗೇ ತಾನೇ ಶಾಲೆ ಇರೋದು?”

ದರ್ಜಿ ಬಗ್ಗಿದಲ್ಲೇ ಕಣ್ಣು ಮುಚ್ಚಿಕೊಂಡ. ಆಮೇಲೆ ಅರ್ಧ ಗಂಟೆ ವಾದವಾಗಿ, ಕಿಟಕಿಯವನು ಕೊನೆಗೆ ‘ಮಗುವಿನ ಹೆಸರು ತೆಗೆದುಹಾಕುವ ನಮೂನೆ’ ಕೊಟ್ಟ. ಅದರಲ್ಲಿ ಐದು ಚೌಕಗಳು: ಮರಣ ಹೊಂದಿದೆ, ದತ್ತು ಹೋಗಿದೆ, ಹದಿನೆಂಟು ತುಂಬಿದೆ, ದೇಶ ಬಿಟ್ಟಿದೆ, ಇತರೆ. ದರ್ಜಿಯ ಪೆನ್ನು ‘ಇತರೆ’ಯ ಕಡೆ ಹೊರಟಿತು.

“ಅದಕ್ಕೆ ಗುರುತು ಹಾಕಬೇಡಿ,” ಅಂದ ಕಿಟಕಿಯವನು. “ಇತರೆ ನೋಡೋಕೆ ಬೇರೆ ವಿಭಾಗ ಇದೆ.”

“ಎಲ್ಲಿದೆ ಸಾರ್?”

“ಇನ್ನೂ ಆಗಿಲ್ಲ.”

“ಹಾಗಾದ್ರೆ ನಾನೇನು ಮಾಡ್ಲಿ?”

ಕಿಟಕಿಯವನು ಕೆಟ್ಟವನಲ್ಲ. ದಿನಕ್ಕೆ ಇನ್ನೂರು ಮಂದಿಯ ನೆತ್ತಿಯನ್ನು ಮಾತ್ರ ನೋಡುವವನು, ಅಷ್ಟೇ. ಯೋಚನೆ ಮಾಡಿ ಹೇಳಿದ: “ನೋಡಿ, ಮಗು ಹುಟ್ಟಿದ್ರೆ ಜನನ ಪತ್ರ ಇರುತ್ತೆ. ಸತ್ರೆ ಮರಣ ಪತ್ರ ಇರುತ್ತೆ. ಇಲ್ಲ ಅಂತ ಪತ್ರ ಕೊಡೋರು ಯಾರೂ ಇಲ್ಲ. ಅದನ್ನ ನಾವೇ ಕೊಡಬೇಕಾಗುತ್ತೆ.”

“ಕೊಡಿ ಸಾರ್.”

“ಸುಮ್ಮನೆ ಹೇಗೆ ಕೊಡೋದು? ಮಗೂನ ಕರ್ಕೊಂಡು ಬನ್ನಿ. ಪರಿಶೀಲನೆ ಮಾಡಿ, ಇಲ್ಲ ಅಂತ ಬರ್ಕೊಡ್ತೀವಿ.”

ಮನೆಗೆ ಬಂದು ಇದನ್ನು ಹೇಳಿದಾಗ ಹೆಂಡತಿ ಕಾಜದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ನಿಂತಳು.

“ರೀ, ನಾನು ಹೆತ್ತಿದ್ದು ಎಷ್ಟು ಅಂತ ನನಗೆ ಗೊತ್ತಿಲ್ವಾ? ಆ ಕಿಟಕಿಯವನಿಗೆ ಲೆಕ್ಕ ಕೊಡಬೇಕಾ?”

“ಅವನಿಗೆ ನಿನ್ನ ಲೆಕ್ಕ ಬೇಡವಂತೆ, ಪತ್ರ ಬೇಕಂತೆ.”

“ಎಲ್ಲ ಆ ಸೂಜಿಯಿಂದ ಬಂದಿದ್ದು. ಎಷ್ಟು ಸಲ ಹೇಳಿದೆ, ಬಾಯಿಂದ ತೆಗೆದು ಮಾತಾಡಿ ಅಂತ? ಮದುವೆಗೆ ಒಪ್ಪಿಗೆನಾ ಅಂತ ನಮ್ಮಪ್ಪ ಅಂಗಡಿಗೆ ಬಂದು ಕೇಳಿದಾಗ್ಲೂ ಹ್ಞೂಂ ಅಂದ್ರಂತೆ. ಆಗ ಬಾಯಲ್ಲಿ ಎಷ್ಟಿತ್ತು?”

ದರ್ಜಿ ಒಂದು ಹಿಡಿ ಗುಂಡುಸೂಜಿ ಎತ್ತಿ ಬಾಯಿಗೆ ಹಾಕಿಕೊಂಡ.

ಬೊಂಬೆಯನ್ನು ಬಸ್ಸಿನಲ್ಲಿ ಒಯ್ಯಬೇಕಾಯಿತು. ಬರೀ ಗೋಣಿಬಟ್ಟೆಯಲ್ಲಿ ಹೇಗೆ ಕರೆದುಕೊಂಡು ಹೋಗುವುದು ಅಂತ ದರ್ಜಿಗೆ ಮನಸ್ಸು ಬರಲಿಲ್ಲ, ಕಸುಬಿನ ಮರ್ಯಾದೆ. ತೆಳು ನೀಲಿ ಅಂಗಿ, ಕಪ್ಪು ಚಡ್ಡಿ ತೊಡಿಸಿ, ಎಲ್ಲ ಗುಂಡಿ ಹಾಕಿ, ತೊಡೆಯ ಮೇಲೆ ಕೂರಿಸಿಕೊಳ್ಳಲು ನೋಡಿದ. ಮೊಂಡನಿಗೆ ಮಂಡಿ ಮಡಚುವುದಿಲ್ಲವಾದ್ದರಿಂದ ಪಕ್ಕದಲ್ಲೇ ನಿಲ್ಲಿಸಿಕೊಂಡ.

ಕಂಡಕ್ಟರ್ ಬಂದು ಮೇಲೆ ಕೆಳಗೆ ನೋಡಿದ. “ಮೂರಡಿ ದಾಟಿದೆ. ಅರ್ಧ ಟಿಕೆಟ್.”

“ಬೊಂಬೆಗೆ ಟಿಕೆಟ್ಟಾ?”

“ಜಾಗ ಹಿಡಿಯುತ್ತಲ್ಲ ಸ್ವಾಮಿ. ಸಾಮಾನು ಅಂತ ಮಾಡಿದ್ರೆ ಪೂರ್ತಿ ಟಿಕೆಟ್ಟು. ಮಗು ಅಂತ ಮಾಡಿದ್ರೆ ಅರ್ಧ. ಯಾವುದು ಮಾಡ್ಲಿ?”

ಸಂಕಟದ ಕಾಲ, ಉಳಿದದ್ದೇ ಲಾಭ. ದರ್ಜಿ ಅರ್ಧ ಮಾಡಿಸಿದ. ಟಿಕೆಟ್ಟಿನ ಮೇಲೆ ‘ದೊಡ್ಡವರು ಒಂದು, ಮಗು ಒಂದು’ ಅಂತ ಸ್ಪಷ್ಟವಾಗಿ ಅಚ್ಚಾಗಿತ್ತು. ಅದನ್ನು ಅವನು ಜೋಪಾನವಾಗಿ ಮೊಂಡನ ಅಂಗಿಯ ಜೇಬಿನಲ್ಲೇ ಇಟ್ಟ. ಆ ಜೇಬು ಚೆನ್ನಾಗಿ ಕೂತಿತ್ತು, ಬಳಸಬೇಕೆನ್ನಿಸಿತು.

ಪರಿಶೀಲನೆಯ ಕೋಣೆ ನೆಲಮಹಡಿಯಲ್ಲಿತ್ತು. ಒಂದು ತೂಕದ ಯಂತ್ರ, ಗೋಡೆಗೆ ಅಂಟಿಸಿದ ಎತ್ತರದ ಪಟ್ಟಿ, ಅಳುವ ಅರುವತ್ತು ಮಕ್ಕಳು, ಒಬ್ಬಳೇ ನರ್ಸಮ್ಮ. ಮೊಂಡನ ಸರದಿ ಬಂದಾಗ ಆಕೆ ರಿಜಿಸ್ಟರಿನಿಂದ ಮುಖ ಎತ್ತದೆ, “ಚಪ್ಪಲಿ ಬಿಚ್ಚಿಸಿ ನಿಲ್ಲಿಸಿ,” ಅಂದಳು.

“ಚಪ್ಪಲಿ ಹಾಕಿಲ್ಲಮ್ಮ. ಪಾದವೇ ಇಲ್ಲ.”

“ಮೂರಡಿ ಎರಡಿಂಚು. ತೂಕ ಐದು ಕಿಲೋ. ಅಳಲ್ವಲ್ಲ, ಜಾಣ. ತಲೆ ಸುತ್ತಳತೆ—” ಟೇಪು ಹಿಡಿದ ಕೈ ಗಾಳಿಯಲ್ಲಿ ಎರಡು ಸಲ ಸುತ್ತಿತು. ನರ್ಸಮ್ಮ ಮುಖ ಎತ್ತಿದಳು. ಬಹಳ ಹೊತ್ತು ನೋಡಿದಳು.

“ಅಣ್ಣಾ, ಇದು ಬೊಂಬೆ.”

ದರ್ಜಿಗೆ ಕಣ್ಣಲ್ಲಿ ನೀರು ಬಂತು. “ಅದನ್ನೇ ಬರ್ಕೊಡಿ ತಾಯಿ! ಒಂದೇ ಒಂದು ಸಾಲು!”

“ನಾನು ಹೇಗೆ ಬರೆಯೋದು? ನನ್ನ ಕೆಲಸ ಅಳೆಯೋದು, ನೋಡೋದಲ್ಲ. ನೋಡೋರು ಮೇಲಿನ ಮಹಡಿಯವರು. ಅವರು ನನ್ನ ಅಳತೆ ನೋಡಿ ತೀರ್ಮಾನ ಮಾಡ್ತಾರೆ. ತಲೆಗೆ ಸೊನ್ನೆ ಹಾಕ್ತೀನಿ, ಅವರಿಗೇ ತಿಳಿಯುತ್ತೆ. ಎದೆ ಇಪ್ಪತ್ತೊಂದೂವರೆ.”

“ಇಪ್ಪತ್ತೆರಡು,” ಅಂದ ದರ್ಜಿ.

“ಇಪ್ಪತ್ತೊಂದೂವರೆ ಬಂತು ಅಣ್ಣಾ.”

“ಟೇಪು ಓರೆ ಹಿಡಿದಿದ್ದೀರಮ್ಮ, ಕಂಕುಳ ಕೆಳಗಿಂದ ತರಬೇಕು. ಇಲ್ಲಿ ಕೊಡಿ.” ಅವನೇ ಅಳೆದು ತೋರಿಸಿದ. ಇಪ್ಪತ್ತೆರಡು. ಹಾಗೆಯೇ ಭುಜ, ತೋಳು, ನಡು ಎಲ್ಲ ಅಳೆದು ಬರೆಸಿದ. ಎತ್ತರವೂ ಅರ್ಧ ಇಂಚು ಕಡಿಮೆ ಬಿದ್ದಿತ್ತು, ತಿದ್ದಿಸಿದ. ‘ತಂದೆಯ ಸಮ್ಮುಖದಲ್ಲಿ ಅಳೆದು ದೃಢಪಡಿಸಲಾಗಿದೆ’ ಅಂತ ನರ್ಸಮ್ಮ ಬರೆದು ಅವನ ಸಹಿ ಪಡೆದಳು. ಅಳತೆ ಸರಿಯಾಗಿದ್ದ ಸಂತೋಷದಲ್ಲಿ ಅವನು ‘ತಂದೆ’ ಅನ್ನುವ ಪದವನ್ನು ಗಮನಿಸಲಿಲ್ಲ.

ಮೇಲಿನ ಮಹಡಿಯವರು ನೋಡಿದರು. ಎಂಟನೆಯ ದಿನ ಪತ್ರ ಬಂತು, ಆದರೆ ಬೇರೆಯೇ ವಿಭಾಗದಿಂದ. ಮಗಳು ಓದಿದಳು.

“‘ತಮ್ಮ ಮೂರನೆಯ ಮಗುವಿನ ತೂಕ ವಯಸ್ಸಿಗೆ ಹೋಲಿಸಿದರೆ ಅತ್ಯಂತ ಆತಂಕಕಾರಿಯಾಗಿ ಕಡಿಮೆ ಇರುತ್ತದೆ. ತಲೆಯ ಬೆಳವಣಿಗೆ ತೃಪ್ತಿಕರವಾಗಿರುವುದಿಲ್ಲ.’”

“ತೃಪ್ತಿಕರ ಇಲ್ವಂತಾ?” ಅಂದಳು ತಾಯಿ.

“‘ಆದ್ದರಿಂದ ಈ ತಿಂಗಳಿನಿಂದ ಆರು ತಿಂಗಳವರೆಗೆ ವಿಶೇಷ ಪೌಷ್ಟಿಕ ಭತ್ಯೆಯನ್ನು ಮಂಜೂರು ಮಾಡಲಾಗಿದೆ. ದಿನಕ್ಕೆರಡು ಮೊಟ್ಟೆ ಕೊಡತಕ್ಕದ್ದು.’”

ಮಗ ಅಲ್ಲಿಯವರೆಗೆ ಈ ವ್ಯಾಜ್ಯದಲ್ಲಿ ಯಾವ ಆಸಕ್ತಿಯನ್ನೂ ತೋರಿಸಿರಲಿಲ್ಲ. “ಮೊಂಡನ ಮೊಟ್ಟೆ ನಾನು ತಿಂತೀನಿ,” ಅಂದ.

“ಸುಮ್ನಿರೋ! ಅವನ ಮೊಟ್ಟೆ ಮುಟ್ಟಿದ್ರೆ ಅದನ್ನೂ ವಾಪಸ್ ಕೇಳ್ತಾರೆ.”

ತಾಯಿಯ ನಾಲಿಗೆ ಸುಳ್ಳಾಗಲಿಲ್ಲ. ಮೂರನೆಯ ದಿನ ಮೊದಲಿನ ವಿಭಾಗದಿಂದ ಇನ್ನೊಂದು ಪತ್ರ: ಶಾಲೆಗೆ ಸೇರಿಸದ ಮಗುವಿಗೆ ಪೌಷ್ಟಿಕ ಭತ್ಯೆ ಪಡೆಯುವಂತಿಲ್ಲವಾದ್ದರಿಂದ, ಆ ಮೊತ್ತವನ್ನೂ ಹಳೆಯ ಬಾಕಿಗೆ ಸೇರಿಸಲಾಗಿದೆ. ಭತ್ಯೆ ಇನ್ನೂ ಕೈಗೆ ಬಂದಿರಲಿಲ್ಲ. ಕೊಡುವ ಮೊದಲೇ ಕಸಿದುಕೊಂಡಿದ್ದರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅನ್ನುತ್ತಾರೆ. ಇಲ್ಲಿ ಎಡಗೈಗೆ ಮೊದಲೇ ತಿಳಿದುಬಿಟ್ಟಿತ್ತು.

ಜಪ್ತಿಗೆ ಇನ್ನು ಹದಿನಾರು ದಿನ ಉಳಿದಿತ್ತು. ದರ್ಜಿ ರಾತ್ರಿ ಹಗಲೆನ್ನದೆ ಮಷಿನ್ ಓಡಿಸತೊಡಗಿದ; ಜಪ್ತಿಯವರು ಬರುವುದರೊಳಗೆ ಯೂನಿಫಾರ್ಮುಗಳನ್ನಾದರೂ ಮುಗಿಸಿಬಿಡೋಣ ಅಂತ. ಹೆಂಡತಿಗೆ ಅದು ಸರಿಬರಲಿಲ್ಲ.

“ಮಷಿನ್ ಹೋಗುತ್ತೆ ಅಂತ ಹೊಲಿಯೋದಲ್ಲ ರೀ, ಹೋಗದ ಹಾಗೆ ಮಾಡಬೇಕು. ನಿಮ್ಮ ಕೈಲಿ ಆಗಲ್ಲ. ನೀವು ಸರ್ಕಾರದ ಮುಂದೆ ಬಗ್ಗಿದ್ರೆ ಪ್ಯಾಂಟೂ ಉಳಿಯಲ್ಲ. ಏ, ಪೆನ್ನು ತಗೊಳ್ಳೇ.”

ಮಗಳು ಪೆನ್ನು ತೆಗೆದುಕೊಂಡಳು. ಕಿಟಕಿಯ ಮೇಲೂ ಒಬ್ಬರಿರುತ್ತಾರಂತೆ, ಮೇಲ್ಮನವಿ ಅಧಿಕಾರಿ ಅಂತ. ಕೂರಲು ಕುರ್ಚಿ ಕೊಟ್ಟು ಮಾತು ಕೇಳುತ್ತಾರಂತೆ. ಇದನ್ನು ಕಚೇರಿಯ ಹೊರಗೆ ಅರ್ಜಿ ನಮೂನೆ ಮಾರುವವನಿಂದ ತಾಯಿ ತಿಳಿದುಕೊಂಡು ಬಂದಿದ್ದಳು. ತಾಯಿ ಹೇಳಿದಳು, ಮಗಳು ಬರೆದಳು. ಎರಡು ಪುಟ. ಬೊಂಬೆ ಮಾಡಲು ಎಷ್ಟು ಹತ್ತಿ ಹಿಡಿಯಿತು, ಯಾವ ಬಡಗಿ ಕಾಲು ಕೆತ್ತಿಕೊಟ್ಟ, ಎಲ್ಲ ಬಂತು. ಕೊನೆಯಲ್ಲಿ, ತಾಯಿ ಟೀ ಮಾಡಲು ಎದ್ದಾಗ, ಮಗಳು ತಾನೇ ಎರಡು ವಾಕ್ಯ ಸೇರಿಸಿದಳು: ‘ನನಗೆ ಇರುವುದು ಒಬ್ಬನೇ ತಮ್ಮ. ಅವನೇ ಸಾಕಾಗಿದ್ದಾನೆ.’

ವಿಚಾರಣೆ ಇಪ್ಪತ್ತೊಂಬತ್ತನೆಯ ದಿನಕ್ಕೆ ಬಿತ್ತು.

ಮೇಲ್ಮನವಿ ಅಧಿಕಾರಿ ನಿವೃತ್ತಿಗೆ ಹತ್ತಿರವಾದ ಹೆಂಗಸು. ಮೇಜಿನ ಮೇಲೆ ನಾಲ್ಕು ಬೆರಳು ದಪ್ಪದ ಫೈಲು. ಒಂದು ತಿಂಗಳಲ್ಲಿ ಯಾವ ಮಗುವೂ ಅಷ್ಟು ಬೆಳೆದಿರಲಿಕ್ಕಿಲ್ಲ. ಒಂದು ಕಡೆ ದರ್ಜಿ, ಅವನ ಹೆಂಡತಿ, ಗೋಡೆಗೆ ಒರಗಿ ಮೊಂಡ. ಇನ್ನೊಂದು ಕಡೆ ಕಚೇರಿಯ ಪರವಾಗಿ ಮೂರನೆಯ ಕಿಟಕಿಯವನು. ಗಾಜಿಲ್ಲದೆ ಅವನನ್ನು ನೋಡಿ ದರ್ಜಿಗೆ ಗುರುತೇ ಹತ್ತಲಿಲ್ಲ. ನಡು ನೋಡಿದ, ಗಾಜಿನ ಹಿಂದೆ ಮೇಜಿಗೆ ಕೂತಾಗ ಅದು ಯಾವತ್ತೂ ಕಂಡಿರಲಿಲ್ಲ. ಮೂವತ್ನಾಲ್ಕು.

“ನಿಮ್ಮದೇನು?” ಅಂದರು ಅಧಿಕಾರಿ, ಕಿಟಕಿಯವನಿಗೆ.

“ಮೇಡಂ, ಮಗು ಇರೋದಕ್ಕೆ ನಾಲ್ಕು ದಾಖಲೆ ಇದೆ. ಗಣತಿ ನಮೂನೆ. ನರ್ಸಿನ ಅಳತೆ, ತಂದೆಯ ಸಹಿಯ ಸಮೇತ. ಪೌಷ್ಟಿಕ ವಿಭಾಗದ ಮಂಜೂರಾತಿ. ಜೊತೆಗೆ ಇದು, ಪರಿಶೀಲನೆ ದಿನ ನರ್ಸಿಗೆ ಮಗುವಿನ ಜೇಬಲ್ಲಿ ಸಿಕ್ಕಿದ್ದು.” ಬಸ್ ಟಿಕೆಟ್ಟನ್ನು ಮೇಜಿನ ಮೇಲಿಟ್ಟ. “ಮಗು ಇಲ್ಲ ಅನ್ನೋದಕ್ಕೆ ಅವರ ಹತ್ರ ಒಂದೂ ದಾಖಲೆ ಇಲ್ಲ.”

“ಮಗು ಅಲ್ಲೇ ನಿಂತಿದೆಯಲ್ಲ ಮೇಡಂ, ನೋಡಿ!” ಅಂದಳು ಹೆಂಡತಿ. ಮರುಕ್ಷಣವೇ ನಾಲಿಗೆ ಕಚ್ಚಿಕೊಂಡು, “ಮಗು ಅಲ್ಲ, ಅದು. ಅವನು. ಛೇ, ಬೊಂಬೆ!” ಅಂದಳು. “ಮನೇಲಿ ಕರೆದೂ ಕರೆದೂ ಹೀಗಾಗಿದೆ.”

“ತಾಯಿಯೇ ಒಪ್ಪಿಕೊಂಡ್ರು,” ಅಂತ ಕಿಟಕಿಯವನು ಬರೆದುಕೊಂಡ.

“ನರ್ಸಿನ ದಾಖಲೇಲಿ ತಲೆ ಸುತ್ತಳತೆ ಸೊನ್ನೆ ಅಂತ ಇದೆ,” ಅಂದರು ಅಧಿಕಾರಿ. “ನಿಮಗೆ ಏನೂ ಅನ್ನಿಸಲಿಲ್ವಾ?”

“ತಲೆ ಇಲ್ಲದವರೂ ಇರ್ತಾರೆ ಮೇಡಂ.”

ಅಧಿಕಾರಿ ಅವನನ್ನೇ ಸ್ವಲ್ಪ ಹೊತ್ತು ನೋಡಿದರು. “ಅದು ನನಗೂ ಗೊತ್ತು,” ಅಂದರು.

ಆಮೇಲೆ ಅವರು ಮೊಂಡನ ಕಡೆ ನೋಡಲೇ ಇಲ್ಲ. ಮೊಂಡ ದಾಖಲೆಯಲ್ಲ, ಫೈಲಿನೊಳಗೆ ಹಿಡಿಯುವ ಹಾಗಿಲ್ಲ. ಒಂದೊಂದೇ ಹಾಳೆ ತಿರುವಿದರು. ಮಗಳ ಮನವಿಯ ಕೊನೆಯ ಎರಡು ವಾಕ್ಯ ಓದುವಾಗ ತುಟಿಯ ಒಂದು ಕೊನೆ ಅಲ್ಲಾಡಿತು, ಆದರೆ ಅದೂ ಸಾಕ್ಷಿಯಲ್ಲ ಅಂತ ಪಕ್ಕಕ್ಕಿಟ್ಟರು. ಫ್ಯಾನು ಕಿರುಗುಟ್ಟುತ್ತಿತ್ತು. ದರ್ಜಿಯ ಕೈ ಅಭ್ಯಾಸಬಲದಿಂದ ಬಾಯಿಯ ಹತ್ತಿರ ಹೋಯಿತು, ಸೂಜಿ ಇರಲಿಲ್ಲ. ನಾಳೆ ಈ ಹೊತ್ತಿಗೆ ಮಷಿನ್ನೂ ಇರುವುದಿಲ್ಲ ಅನ್ನಿಸಿತು ಅವನಿಗೆ. ಇನ್ನೂ ಮೂವತ್ತೊಂದು ಚಡ್ಡಿ ಬಾಕಿಯಿತ್ತು.

ಫೈಲಿನ ಎಲ್ಲಕ್ಕಿಂತ ಅಡಿಯ ಹಾಳೆಗೆ ಬಂದಾಗ ಅಧಿಕಾರಿ ನಿಂತರು. ಗಣತಿಯವನು ಬರೆದ ಮೂಲ ನಮೂನೆ. ಅದರ ಕೆಳಗೆ ‘ಷರಾ’ ಅನ್ನುವ ಜಾಗದಲ್ಲಿ ಅವನು ಮನಸ್ಸು ತುಂಬಿ ಏನೋ ಬರೆದಿದ್ದ. ಅವರು ಗಟ್ಟಿಯಾಗಿ ಓದಿದರು.

“‘ಮೂರನೆಯ ಮಗು ಗಂಡು. ವಯಸ್ಸು ಸುಮಾರು ಐದು. ನಾನು ಮನೆಯಲ್ಲಿದ್ದ ನಲವತ್ತು ನಿಮಿಷವೂ ನಿಂತ ಜಾಗದಿಂದ ಕದಲಲಿಲ್ಲ. ಒಂದು ಮಾತೂ ಆಡಲಿಲ್ಲ. ಏನನ್ನೂ ಕೇಳಲಿಲ್ಲ. ಅಂಗಿ ಚಡ್ಡಿಯಿಂದ ಹೊರಗೆ ಬಂದಿರಲಿಲ್ಲ. ಇತರ ಮಕ್ಕಳಿಗೆ ಮಾದರಿ.’”

ಹಾಳೆ ಕೆಳಗಿಟ್ಟು ಕಿಟಕಿಯವನ ಕಡೆ ತಿರುಗಿದರು. “ನಿಮಗೆ ಮಕ್ಕಳಿದಾರಾ?”

“ಇಲ್ಲ ಮೇಡಂ. ಇನ್ನೂ ಮದುವೆ ಆಗಿಲ್ಲ.”

“ಈ ಗಣತಿಯವರಿಗೆ?”

“ಅವರಿಗೂ ಆಗಿಲ್ಲ ಮೇಡಂ.”

“ಅದಕ್ಕೇ. ನನಗೆ ಇಬ್ಬರು ಗಂಡುಮಕ್ಕಳು, ನಾಲ್ಕು ಮೊಮ್ಮಕ್ಕಳು. ಎಲ್ಲಾ ಗಂಡು. ಐದು ವರ್ಷದ ಗಂಡು ಹುಡುಗ, ಎಚ್ಚರ ಇದ್ದು, ನಲವತ್ತು ನಿಮಿಷ ನಿಂತಲ್ಲೇ ನಿಂತಿದ್ದಾನೆ. ಅಂಗಿ ಹೊರಗೆ ಬಂದಿಲ್ಲ.” ಅವರು ಪೆನ್ನಿನ ಮುಚ್ಚಳ ತೆಗೆದರು. “ಅದು ಮಗು ಆಗಿರೋಕೆ ಸಾಧ್ಯವೇ ಇಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ. ಅದೂ ನಿಮ್ಮ ಕಚೇರಿಯದೇ ದಾಖಲೆ.”

ಸೊನ್ನೆ ಸುತ್ತಳತೆಯ ತಲೆಯನ್ನು ಒಪ್ಪಿಕೊಂಡ ಕಿಟಕಿಯವನಿಗೆ ಈ ವಾದದಲ್ಲಿ ತೂತು ಹುಡುಕಲಾಗಲಿಲ್ಲ.

ಅಧಿಕಾರಿ ಬರೆಯುತ್ತಾ ಓದಿದರು, ಓದುತ್ತಾ ಬರೆದರು: ಸದರಿ ಮೂರನೆಯ ಮಗು ಯಾವ ಕಾಲದಲ್ಲೂ ಇದ್ದಿರುವುದಿಲ್ಲ, ತಪ್ಪು ಕಚೇರಿಯದೇ ಆಗಿರುತ್ತದೆ, ಕಚೇರಿಯ ತಪ್ಪಿನಿಂದ ಕೊಟ್ಟದ್ದನ್ನು ಮರಳಿ ಕೇಳುವಂತಿಲ್ಲವೆಂದು ನಿಯಮವಿರುತ್ತದೆ, ಬಾಕಿ, ಬಡ್ಡಿ, ದಂಡ ಎಲ್ಲ ರದ್ದು, ಜಪ್ತಿ ರದ್ದು. ಸಹಿ ಮಾಡಿದರು. ಮುದ್ರೆಯನ್ನು ಶಾಯಿಗೆ ಒತ್ತಿ ಹಾಳೆಗೆ ಗುದ್ದಿದರು. ಆದೇಶದ ಪುಸ್ತಕದಿಂದ ಹಾಳೆ ಬಿಡಿಸಿ ದರ್ಜಿಯ ಕೈಗೆ ಕೊಟ್ಟರು.

ಹೆಂಡತಿ ಸೆರಗಿನಿಂದ ಮೊದಲು ತನ್ನ ಕಣ್ಣು ಒರಸಿಕೊಂಡಳು, ಆಮೇಲೆ ಮೊಂಡನ ಭುಜದ ಮೇಲಿನ ಧೂಳು ಒರಸಿದಳು. ದರ್ಜಿ ಆದೇಶವನ್ನು ಎರಡು ಮಡಿಕೆ ಮಾಡಿ, ಅಂಚು ಉಗುರಿನಿಂದ ಒತ್ತಿ, ಎದೆಯ ಜೇಬಿಗಿಟ್ಟು, ಕೈ ಮುಗಿದ.

“ಒಂದು ನಿಮಿಷ ಕೂತ್ಕೊಳ್ಳಿ,” ಅಂದರು ಅಧಿಕಾರಿ. ಕನ್ನಡಕ ತೆಗೆದು ಫೈಲಿನ ಮೇಲಿಟ್ಟರು. “ಆದೇಶ ಆಗಿಹೋಯ್ತು, ಇನ್ನು ಅದನ್ನ ಯಾರೂ ಬದಲಾಯಿಸೋಕಾಗಲ್ಲ. ಇದು ನನ್ನ ಕುತೂಹಲಕ್ಕೆ ಕೇಳ್ತಿರೋದು. ಈ ಫೈಲಲ್ಲಿ ಎಲ್ಲಾ ಇದೆ. ಬೊಂಬೆಯ ಎದೆ ಎಷ್ಟು, ತೋಳು ಎಷ್ಟು, ಟಿಕೆಟ್ ಎಷ್ಟು, ಎಲ್ಲಾ. ಆದ್ರೆ ಇಷ್ಟು ಜನರಲ್ಲಿ ಒಬ್ಬರೂ ನಿಮ್ಮನ್ನ ಈ ಒಂದು ಪ್ರಶ್ನೆ ಕೇಳಿ ಬರೆದಿಲ್ಲ. ಹದಿನಾಲ್ಕು ತಿಂಗಳು, ಪ್ರತಿ ತಿಂಗಳೂ, ಒಂದು ಮಗುವಿನ ದುಡ್ಡು ಹೆಚ್ಚಿಗೆ ಬರ್ತಿತ್ತು. ನೀವು ನೋಡಿದ್ರೆ ಕೂದಲೆಳೆ ಅಳತೆ ತಪ್ಪಿದ್ರೂ ಹಿಡಿಯೋ ಮನುಷ್ಯರು. ನಿಮಗೆ ಅದು ಗೊತ್ತೇ ಆಗಲಿಲ್ವಾ?”

ಹೆಂಡತಿ ಮೇಜಿನ ಕೆಳಗೆ ಕಾಲು ಚಾಚಿದಳು, ಅವನ ಪಾದ ಸಿಗಲಿಲ್ಲ. ದರ್ಜಿಯ ಬಾಯಲ್ಲಿ ಅವತ್ತು ಒಂದೇ ಒಂದು ಸೂಜಿಯೂ ಇರಲಿಲ್ಲ.

“ಗೊತ್ತಾಯ್ತು ಮೇಡಂ, ಮೊದಲನೇ ತಿಂಗಳೇ,” ಅಂದ. “ಆದ್ರೆ ಬಟ್ಟೆ ಮಿಕ್ಕಿದೆ ಅಂತ ಗಿರಾಕೀನ ವಾಪಸ್ ಕರೆಯೋ ಪದ್ಧತಿ ನಮ್ಮ ಕಸುಬಲ್ಲೇ ಇಲ್ಲ.”